ಓದುವ ದನಿಗೆ ಅಂಟಿಸಿದ ಹೆಸರುಗಳು

ದೇಣಿಗೆ ಎತ್ತಲು ಹೊರಟವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಡುವವನಿಗೆ ಬದಲಾಗಿ ಏನು ಕೊಡುತ್ತೀರೋ ಅದು ನಿಮ್ಮದು ಹೌದೋ ಅಲ್ಲವೋ ನೋಡಿಕೊಳ್ಳಿ. ನನಗೆ ಈ ಬುದ್ಧಿ ಬಂದದ್ದು ತಡವಾಗಿ.

ನನ್ನದು ಚನ್ನಗಿರಿಯಲ್ಲಿ ಹಳೇ ಕಂಪ್ಯೂಟರ್ ಅಂಗಡಿ. ಆಫೀಸುಗಳು ಎಸೆದದ್ದನ್ನು ತಂದು, ರಿಪೇರಿ ಮಾಡಿ, ಮುಕ್ತ ತಂತ್ರಾಂಶ ಹಾಕಿ ಮಾರುತ್ತೇನೆ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಿ ಹಂಚಬಹುದು, ಅಂಥದ್ದು. ಅದನ್ನು ಮಾಡುವವರ ಸಣ್ಣ ಬಳಗವೊಂದು ನಮ್ಮ ಕಡೆಯೂ ಇದೆ. ಅದರಲ್ಲಿ ಹೊನ್ನಾಳಿಯ ಕಾಲೇಜು ಮೇಷ್ಟ್ರೊಬ್ಬರು ತೆರೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಬರೆದಿದ್ದರು. ಜಗಳೂರಿನ ಕಚೇರಿಯೊಂದರಲ್ಲಿ ಅರ್ಜಿ ಕಿಟಕಿಗೆ ಕೂರುವ, ಕಣ್ಣು ಕಾಣದ ಹೆಣ್ಣುಮಗಳೊಬ್ಬಳ ಕೆಲಸ ನಡೆಯುತ್ತಿದ್ದದ್ದು ಅದರಿಂದಲೇ. ಕಚೇರಿಗೆ ಹೊಸ ಕಂಪ್ಯೂಟರ್ ಬಂದದ್ದೇ, ಹಳೇ ಪ್ರೋಗ್ರಾಂ ಅದರಲ್ಲಿ ಓಡದೆ ದನಿ ನಿಂತಿತು. ಆಕೆಯನ್ನು ಕಿಟಕಿಯಿಂದ ಎಬ್ಬಿಸಿ ಲಕೋಟೆ ಅಂಟಿಸಲು ಕೂರಿಸಿದರು. ಮೇಷ್ಟ್ರು ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಕೂತರೆ ಸರಿಹೋಗುತ್ತಿತ್ತು. ಅವರ ಮನೆ ನಡೆಯಬೇಕಲ್ಲ, ಅದಕ್ಕೆ ದೇಣಿಗೆ.

ಮೇಷ್ಟ್ರ ಮನೆಯಲ್ಲಿ ಸಭೆ. ಸ್ವಾತಂತ್ರ್ಯ, ಸಮುದಾಯ ಅಂತ ಎರಡು ಪುಟದ ಕರಪತ್ರ ಓದಿದರು.

"ಮೇಷ್ಟ್ರೆ, ಇದನ್ನ ಕೇಳಿ ಯಾರೂ ಜೇಬಿಗೆ ಕೈ ಹಾಕಲ್ಲ," ಅಂದೆ. "ನಮ್ಮ ಜನ ಗುಡಿಗೆ ಒಂದು ಫ್ಯಾನ್ ಕೊಟ್ರೂ ಮೂರೂ ರೆಕ್ಕೆ ಮೇಲೆ ಹೆಸರು ಬರೆಸ್ತಾರೆ. ಹೆಸರಿಗೆ ಜಾಗ ತೋರಿಸ್ರಿ."

"ಇದರಾಗೆ ರೆಕ್ಕೆ ಎಲ್ಲೈತ್ರಿ?"

"ದನಿ ಐತಲ್ಲ."

ನಾನೇ ಅಂದದ್ದು. ಪ್ರೋಗ್ರಾಂ ತೆರೆದ ಕೂಡಲೇ ಮೊದಲು ದಾನಿಗಳ ಹೆಸರು ಹೇಳಲಿ, ಆಮೇಲೆ ಮಿಕ್ಕದ್ದು ಓದಲಿ. ಮೇಷ್ಟ್ರು ಮುಖ ಕಿವಿಚಿದರು, ಆದರೆ ಒಪ್ಪಿದರು.

ನ್ಯಾಮತಿಯ ನಿವೃತ್ತ ಕಂಟ್ರಾಕ್ಟರೊಬ್ಬರು ಮೊದಲು ಸಿಕ್ಕಿದರು. "ನಮ್ಮ ಅಪ್ಪಾರ ಹೆಸರೂ ಸೇರಿಸ್ರಿ, ಅವ್ವಾರದೂ. ಮುಂದೆ ದಿವಂಗತ ಅಂತ ಬರ್ಲಿ. ಮನೆಯವ್ಳ ಹೆಸರು ಬಿಟ್ರೆ ನನಗೆ ಊಟ ಇಲ್ಲ." ಒಂದೊಂದು ಹೆಸರಿಗೂ ನಾನು ಮೊತ್ತ ಏರಿಸುತ್ತ ಹೋದೆ. ಅವರನ್ನು ನೋಡಿ ಬೇರೆಯವರೂ ತಮ್ಮ ಸತ್ತವರನ್ನೆಲ್ಲ ಹುಡುಕಿ ತಂದರು. ಆ ವಾರ ನನ್ನಂಥ ಜಾಣ ಇಲ್ಲ ಅನ್ನಿಸಿತ್ತು.

ಪ್ರೋಗ್ರಾಂ ಸಿದ್ಧವಾಯಿತು, ಆಕೆ ಕಿಟಕಿಗೆ ಮರಳಿದಳು. ನೋಡಿ ಬರೋಣವೆಂದು ಜಗಳೂರಿಗೆ ಹೋಗಿ, ಯಾರೆಂದು ಹೇಳಿ ಅವಳ ಪಕ್ಕ ನಿಂತೆ. ಕರೆಂಟು ಹೋಗಿ ಬಂದಿತ್ತು. ಕಂಪ್ಯೂಟರು ದಿವಂಗತ, ದಿವಂಗತ ಅಂತ ಶುರುಮಾಡಿತು. ಸಾಲು ಕಾಯುತ್ತಿತ್ತು.

"ಯಾರವ್ವ ಸತ್ತಿದ್ದು?" ಅಂದಳು ಮುಂದಿದ್ದ ಅಜ್ಜಿ.

"ಒಬ್ರಲ್ಲಜ್ಜಿ, ಮನೆಮಂದಿನೆಲ್ಲಾ ಕರಕೊಂಡು ಹೋಗ್ಯಾರೆ," ಅಂದ ಹಿಂದಿನವನು. ಸಾಲೆಲ್ಲ ನಕ್ಕಿತು. ಆಕೆ ನಗಲಿಲ್ಲ. ಕೀಲಿಗಳ ಮೇಲೆ ಬೆರಳಿಟ್ಟು ಕಾದಳು.

"ಅಣ್ಣಾರೆ, ಇವತ್ತಿಗೆ ಇದು ನಾಕನೇ ಸಲ. ನನ್ನ ಇಲ್ಲಿ ಇವ್ರ ತಿಥಿ ಮಾಡಾಕೆ ಕೂರಿಸಿದ್ರಾ?"

ಆ ಕಂಟ್ರಾಕ್ಟರು ತಾವಾಗಿ ಇದನ್ನು ಕೇಳಿರಲಿಲ್ಲ. ಮಾರಿದ್ದು ನಾನು. ಮಾರಿದ್ದು ಇವಳ ಕಿವಿಯನ್ನು, ಇವಳನ್ನು ಒಂದು ಮಾತೂ ಕೇಳದೆ. ಆದರೂ ನಾಲಗೆ ತನ್ನ ಚಾಳಿ ಬಿಡಲಿಲ್ಲ. "ಅರ್ಧ ಹೆಸರು ತೆಗೆಸ್ತೀನಿ ತಂಗಿ," ಅಂದೆ.

"ಯಾರು ಬೇಕಾದ್ರೂ ತಿದ್ದಬಹುದು ಅಂತ ನಿಮ್ಮ ಬಳಗದೋರೇ ಹೇಳಿದ್ದಲ್ಲ? ಹೆಸರು ಎಲ್ಲಿ ಅದಾವೆ ಅಂತ ನಿನ್ನೆನೇ ಹುಡುಕಿಟ್ಟೀನಿ. ನಿಮಗೆ ಬೇಜಾರಾದೀತು ಅಂತ ಬಿಟ್ಟಿದ್ದೆ."

"ಅಳಿಸಿಬಿಡು," ಅಂದೆ. ಅಳಿಸಿದಳು. ಮತ್ತೆ ತೆರೆದಾಗ ದನಿ ನೇರವಾಗಿ ಅರ್ಜಿ ಸಂಖ್ಯೆ ಹೇಳಿತು. ಅವಳು ತಿದ್ದಿದ್ದನ್ನೇ ಮೇಷ್ಟ್ರು ಎಲ್ಲರಿಗೂ ಹಂಚಿದರು.

ಹದಿನೈದು ದಿನಕ್ಕೆ ನ್ಯಾಮತಿಯಿಂದ ಫೋನು. "ಏನ್ರೀ, ಬೀಗರ ಮುಂದೆ ಹಾಕಿ ತೋರಿಸಿದ್ರೆ ಅಪ್ಪಾರ ಹೆಸರೇ ಇಲ್ಲ!"

ಆ ದುಡ್ಡು ಮೇಷ್ಟ್ರ ಮನೆಯ ಅಕ್ಕಿ ಬೇಳೆಯಾಗಿ ಮುಗಿದಿತ್ತು. "ಹೆಸರು ಬೇರೆ ಕಡೆ ಹಾಕಿಸ್ತೀನಿ, ಎಲ್ಲಿ ಬೇಕು ಹೇಳ್ರಿ," ಅಂದೆ.

"ನಿಮ್ಮ ಅಂಗಡಿ ಮೇಲೆ. ಫ್ಲೆಕ್ಸು, ಫೋಟೋ ಸಮೇತ. ಅಪ್ಪಾರು, ಅವ್ವಾರು, ಎಲ್ಲಾರೂ ಇರ್ಬೇಕು."

ಬಾಳಿನಲ್ಲಿ ಮೊದಲ ಸಲ ಚೌಕಾಸಿ ಮಾಡದೆ ಹೂಂ ಅಂದೆ. ಈಗ ಬೆಳಿಗ್ಗೆ ಶಟರ್ ಎತ್ತಲು ಹೋದರೆ ಮೇಲೆ ನನ್ನ ಬೋರ್ಡು ಮುಚ್ಚಿ ಅವರ ಇಡೀ ಮನೆತನ ಕೈಮುಗಿದು ನಿಂತಿರುತ್ತದೆ. ಹೊಸ ಗಿರಾಕಿಗಳು ನನ್ನನ್ನೇ ಕೇಳುತ್ತಾರೆ, ಇಲ್ಲಿ ಕಂಪ್ಯೂಟರ್ ಅಂಗಡಿ ಎಲ್ಲೈತ್ರಿ ಅಂತ.