ಮೆತ್ತನೆ ಕೈಯವನ ಬುಧವಾರಗಳು

ನನ್ನ ಬಟ್ಟೆ ಅಂಗಡಿಗೆ ಗೋಡೆ ಹಂಚಿಕೊಂಡಿರುವ ಕ್ಷೌರದಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಮೆತ್ತನೆ ಕೈ. ನಲವತ್ತೈದು ವರ್ಷಗಳಲ್ಲಿ ಅವನ ಕತ್ತಿಯಿಂದ ಒಂದು ಕೆನ್ನೆಗೂ ಗೀರು ಬಿದ್ದದ್ದಿಲ್ಲ. ಗೀರುವುದೆಲ್ಲ ನಾಲಿಗೆಯಲ್ಲಿ. "ನಿಮ್ಮ ತಲೆಗೆ ಕತ್ತರಿ ಯಾಕೆ ಯಜಮಾನ್ರೇ, ಒರೆಸೋ ಬಟ್ಟೆ ಸಾಕು" ಎಂದು ನನ್ನ ಬೋಳುತಲೆಯನ್ನು ಚುಚ್ಚುತ್ತಿದ್ದ.

ಅರವತ್ತೊಂಬತ್ತನೇ ವಯಸ್ಸಿಗೆ ಇದ್ದಕ್ಕಿದ್ದಂತೆ ಗಡ್ಡ ಬೋಳಿಸುವುದನ್ನು ಬಿಟ್ಟ. ಮಣಿಕಟ್ಟು ನೋವಂತೆ. ಅದೇ ಮಣಿಕಟ್ಟಿನಲ್ಲಿ ದಿನವಿಡೀ ಕತ್ತರಿ ಆಡಿಸುತ್ತಿದ್ದ. ಬಣ್ಣ ಬಿಡುವ ಸರಕು ನನಗೆ ದೂರದಿಂದಲೇ ತಿಳಿಯುತ್ತದೆ, ಆದರೂ ಕೆದಕಲಿಲ್ಲ. ಅವನ ಹೆಂಡತಿ ಬಿಡಲಿಲ್ಲ. "ಅಣ್ಣಾ, ಮನೇಲಿರೋ ಚಾಕುನೆಲ್ಲ ಅಟ್ಟಕ್ಕೇರಿಸಿದಾರೆ. ಇಷ್ಟು ವರ್ಷ ಸಂಸಾರ ಮಾಡಿ ಈಗ ಬೇರೆ ರೂಮಲ್ಲಿ ಚಿಲಕ ಹಾಕ್ಕೊಂಡು ಮಲಗ್ತಾರೆ" ಎಂದು ನನ್ನೆದುರು ಕಣ್ಣೊರೆಸಿಕೊಂಡವಳು, ಮರುದಿನವೇ ಗಂಡನನ್ನು ದೊಡ್ಡಾಸ್ಪತ್ರೆಗೆ ಎಳೆದೊಯ್ದಳು. ಅಲ್ಲಿ ಪ್ರತಿ ಬುಧವಾರ ಆಪ್ತಸಮಾಲೋಚಕಿಯೊಬ್ಬರು ವಯಸ್ಸಾದವರನ್ನು ಕೂರಿಸಿಕೊಂಡು ಮಾತನಾಡಿಸುತ್ತಾರೆ.

ಹನ್ನೊಂದನೆಯ ಬುಧವಾರ ಕಳೆದ ಮೇಲೆ ಅವನೇ ನನ್ನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದ. ಕತ್ತಿ ಮತ್ತೆ ಹಿಡಿದನಲ್ಲ ಎಂದು ನಾನೂ ಖುಷಿಯಿಂದ ಕತ್ತು ಚಾಚಿದೆ. ಸೋಪು ಹಚ್ಚಿಯಾದ ಮೇಲೆ ಬಾಯಿಬಿಟ್ಟ.

"ಮೂರು ವಾರ ಮೇಡಂ ಹತ್ರ ಬರೀ ಮಂಡಿನೋವಿನ ಕತೆ ಹೇಳ್ದೆ. ನಾಲ್ಕನೇ ವಾರ ನಿಜ ಹೇಳ್ದೆ. ಕೊನೇ ಸಲ ನಿಮ್ಮ ಗಂಟಲ ಮೇಲೆ ಕತ್ತಿ ಇಟ್ಟಾಗ ಒಂದು ಯೋಚನೆ ಬಂತು ಯಜಮಾನ್ರೇ. ಒತ್ತಿಬಿಟ್ರೆ?"

ಸೋಪಿನೊಳಗೆ ನನ್ನ ಮುಖ ತಣ್ಣಗಾಯಿತು.

"ನನ್ನ ಗಂಟಲೇ ಸಿಕ್ತಾ ನಿಂಗೆ?"

"ಎದುರಿಗಿದ್ದದ್ದು ಅದೇ."

"ಈಗ?"

"ಈಗ್ಲೂ ಬರುತ್ತೆ. ಮೇಡಂ ಏನಂತಾರೆ ಅಂದ್ರೆ, ಹಾಗೆ ಮಾಡಿಬಿಡ್ತೀನೇನೋ ಅಂತ ಇಷ್ಟು ನಡುಗ್ತಿದೀರಲ್ಲ, ನೀವು ಮಾಡೋರಲ್ಲ. ಯೋಚನೆ ಬಂದ್ರೆ ಓಡಬೇಡಿ, ಬಂತು ಅಂತ ಬಾಯಲ್ಲಿ ಹೇಳಿ ಕೆಲಸ ಮುಂದುವರಿಸಿ, ಆದ್ರೆ ವಿಷಯ ತಿಳಿದು ಒಪ್ಪಿದೋರ ಮೇಲೆ ಮಾತ್ರ ಅಂದಿದಾರೆ. ನೀವು ಎದ್ದು ಹೋದ್ರೂ ಬೇಜಾರಿಲ್ಲ." ಟವೆಲಿನ ಅಂಚನ್ನು ಹಿಂಡುತ್ತಿದ್ದ. "ಆದ್ರೆ ನನ್ನ ಕೈನ ನಾನೇ ನಂಬಕ್ಕಾಗ್ದೆ ಈ ಅಂಗಡಿ ನಡೆಸಲ್ಲ. ಮುಚ್ಚಿಬಿಡ್ತೀನಿ."

"ನಿನ್ನ ಮೇಡಂ ಒಂದ್ಸಲವಾದ್ರೂ ಈ ಕುರ್ಚೀಲಿ ಕೂತಿದಾರಾ?"

"ಅವರಿಗೆ ಗಡ್ಡ ಎಲ್ಲಿದೆ?"

ನಗು ಬರಲಿಲ್ಲ. ಬಾಗಿಲು ನಾಲ್ಕೇ ಹೆಜ್ಜೆ. ಕನ್ನಡಿಯಲ್ಲಿ ಅವನ ತುಟಿ ಬಿಳುಚಿತ್ತು. ನನಗಿಂತ ಹೆಚ್ಚು ಹೆದರಿದವನು ಅವನೇ.

"ಮಾಡು" ಎಂದೆ. ಕತ್ತನ್ನು ಮತ್ತೆ ಚಾಚಿದೆ.

ಕೆನ್ನೆಗಳು ಮುಗಿದವು. ಕತ್ತಿ ಗದ್ದದ ಕೆಳಗಿಳಿಯಿತು.

"ಬಂತು" ಎಂದ.

ನನ್ನ ಎರಡೂ ಕೈ ಕುರ್ಚಿಯ ಹಿಡಿಗೆ ಅಂಟಿಕೊಂಡವು. "ಹೋಯ್ತಾ?"

"ಇಲ್ಲ. ಇಲ್ಲೇ ಇದೆ. ಉಗುಳು ನುಂಗಬೇಡಿ, ಗಂಟಲು ಅಲುಗುತ್ತೆ."

ಅಲಗು ಚರ್ಮಕ್ಕೆ ತಾಗಿ, ನಿಂತು, ಮೇಲೇರಿತು. ಮತ್ತೆ ಕೆಳಗೆ. "ಬಂತು." ಮತ್ತೆ ಮೇಲೆ. ಅವನ ಬೆವರು ನನ್ನ ಬೋಳುತಲೆಯ ಮೇಲೆ ತೊಟ್ಟಿಕ್ಕಿತು. ಒರೆಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಮುಗಿದಾಗ ಕತ್ತಿಯನ್ನು ಮಡಚಿಟ್ಟು, ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಕುಸಿದ. ನಾನು ಕತ್ತು ಸವರಿ ಬೆರಳು ನೋಡಿಕೊಂಡೆ. ನೀರು, ಸೋಪು, ಅಷ್ಟೆ.

"ಭಯ ಹೋಯ್ತೇನಯ್ಯ?"

"ಇಲ್ಲ. ಕೆಲಸ ಮಾತ್ರ ನಿಲ್ಲಿಸಲಿಲ್ಲ. ಬುಧವಾರ ಮೇಡಂಗೆ ಹೇಳ್ತೀನಿ." ಬೆಂಚಿನಿಂದಲೇ ಕೇಳಿದ: "ಗುರುವಾರ ಮತ್ತೆ ಬರ್ತೀರಾ?"

ಬರ್ತೀನಿ ಎಂದೆ. ಕಾಲು ಮಾತ್ರ ಆಗಲೇ ಹೊಸ್ತಿಲು ದಾಟಿತ್ತು.