ಚಾವಣಿಗೆ ಆನಿಸಿದ ದೋಟಿ

ಧೈರ್ಯವಿದ್ದರೆ ನಂಬದೇ ಇರಿ: ಇಸಳೂರಿನ ನಮ್ಮ ಮನೆಗೆ ಜಿಪ್ಸಂ ಬೋರ್ಡಿನ ಚಾವಣಿ ಹೊಡೆದವನು ನಾನೊಬ್ಬನೇ. ಸಂಜೆಯೊಳಗೆ ಮುಗಿಯದಿದ್ದರೆ ಮೇಸ್ತ್ರಿಯನ್ನು ಕರೆಸುತ್ತೇನೆಂದು ಹೆಂಡತಿ ಹೆದರಿಸಿದ್ದಳು. ಊರಿಡೀ ಕೊಚ್ಚಿಕೊಂಡವನ ಮಾನ ಉಳಿಯಬೇಕಿತ್ತು.

ಕೊನೆಯ ಬೋರ್ಡನ್ನು ತಲೆಯ ಮೇಲೆ ಹೊತ್ತು ನಿಂತಾಗ ಕುತ್ತಿಗೆ ಸೋತಿತು, ಕಣ್ಣಿಗೆಲ್ಲ ಬಿಳಿ ಪುಡಿ. ಸ್ಕ್ರೂ ಹೊಡೆಯುವವರೆಗೆ ಆಧಾರಕ್ಕೆಂದು ಅಡಿಕೆ ಕೊಯ್ಯುವ ದೋಟಿಯನ್ನು ಆನಿಸಿದೆ. ತುದಿಯ ಕತ್ತಿ ಬಿಚ್ಚಲು ಮರೆತಿದ್ದೆ. ಅದು ಬೋರ್ಡನ್ನೇ ತೂರಿಕೊಂಡು ಹೋಯಿತು.

"ಎಂತ ಮಾಡ್ಕ್ಯಂಡ್ರಿ ಮಾರಾಯ್ರೇ? ಚಾವಣಿಲೂ ಅಡಿಕೆ ಗೊನೆ ಬಿಟ್ಟಿತ್ತಾ?" ಎಂದಳು ಹೆಂಡತಿ.

"ಅದು ಲೈಟಿಗೆ ಬಿಟ್ಟ ತೂತು. ಬೇಕು ಅಂದೇ ಆನು ಮಾಡಿದ್ದು," ಎಂದೆ, ಏದುಸಿರು ಬಿಡುತ್ತಾ.

ಈಗ ಅಲ್ಲಿ ನಿಜವಾಗಿಯೂ ದೀಪ ತೂಗುತ್ತಿದೆ. ನಾನು ನಿಮಗೆ ಹೇಳಿದ್ದರಲ್ಲಿ ಸುಳ್ಳು ಒಂದೇ, 'ಒಬ್ಬನೇ' ಎಂದದ್ದು. ನನ್ನ ಕೈ ಮೇಲೇಳದಾದಾಗ ಸ್ಟೂಲು ಹತ್ತಿ ಉಳಿದ ಸ್ಕ್ರೂಗಳನ್ನೆಲ್ಲ ಹೊಡೆದವಳು ಅವಳು.