ಕೆಂಗೇರಿಯ ಹಾಸ್ಟೆಲಿನಲ್ಲಿ ಎತ್ತಿದ ಕೈಗಳು

ಸಂಕ್ರಾಂತಿ ಕಳೆದ ಸೋಮವಾರ ಬೆಳಿಗ್ಗೆ ಮೈಸೂರಿನಲ್ಲಿ ಮೂರನೆಯ ದರ್ಜೆಯ ಡಬ್ಬಿ ಹತ್ತಿದ ನಾವಿಬ್ಬರು ಹನ್ನೊಂದರ ಹೊತ್ತಿಗೆ ಕೆಂಗೇರಿಯಲ್ಲಿ ಇಳಿದೆವು. ಎಪ್ಪತ್ತು ಮೈಲಿಗೂ ಮೇಲಿನ ದಾರಿ, ಮೈಯೆಲ್ಲ ಇದ್ದಿಲ ಪುಡಿ. ಜೊತೆಗಿದ್ದವರು ನಮ್ಮ ಕ್ರೈಸ್ತ ಸಭೆಯ ಉಪದೇಶಿ ದೇವದಾಸಪ್ಪನವರು. ಇಪ್ಪತ್ತು ವರ್ಷದಿಂದ ಹಳ್ಳಿ ಹಳ್ಳಿ ತಿರುಗಿ ಸುವಾರ್ತೆ ಸಾರಿದವರು. ನಾನು ಬರೀ ಮೇಷ್ಟ್ರು. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ತಪ್ಪಿಗೆ ಸಿಕ್ಕಿಬಿದ್ದಿದ್ದೆ.

ಹಾಸ್ಟೆಲು ಸ್ಟೇಷನ್ನಿಂದ ಎರಡು ಮೈಲಿ. ಏರಿನಲ್ಲಿ ಜಟಕಾದ ಕುದುರೆ ಮುಷ್ಕರ ಹೂಡಿದ್ದರಿಂದ ಅರ್ಧ ದಾರಿ, ಕೂಟದ ಹಾಡುಗಳಿಗೆಂದು ತಂದಿದ್ದ ಹಾರ್ಮೋನಿಯಂ ಹೊತ್ತು ನಡೆದೆವು. ಚಪ್ಪಡಿ ಕಲ್ಲಿನ ನಾಲ್ಕು ಕೋಣೆ, ಹದಿನೆಂಟು ಹುಡುಗರು. ಅವರ ಮನೆಯವರೆಲ್ಲ ಹಿಂದಿನ ವರ್ಷವಷ್ಟೇ ಬೌದ್ಧರಾಗಿದ್ದರು. ನಮ್ಮನ್ನು ಕರೆಸಿದ್ದ ವಾರ್ಡನ್ನರು ನಿವೃತ್ತ ಉಪಾಧ್ಯಾಯರು, ಅವರೂ ಬೌದ್ಧರೇ. ಹಗಲು ಹುಡುಗರಿಗೆ ಇಂಗ್ಲಿಷ್ ಹೇಳಿಕೊಡಬೇಕು, ಸಂಜೆ ಒಂದು ಗಂಟೆ ನಿಮ್ಮದು, ಏನು ಬೇಕಾದರೂ ಹೇಳಿ ಎಂದರು. ಅಷ್ಟು ಧಾರಾಳ ನಮ್ಮಲ್ಲಿ ಇದ್ದೀತೇ ಎಂದು ನನಗೆ ನಾಚಿಕೆಯೇ ಆಯಿತು.

ಹುಡುಗರು ಬೆಳಿಗ್ಗೆ ಐದಕ್ಕೆ ತಣ್ಣೀರು ಮಿಂದು, ಗೇಣುದ್ದದ ಬುದ್ಧನ ವಿಗ್ರಹದ ಮುಂದೆ ಕೂತು, ಶರಣು ಹೋಗುವ ಮಾತನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಒಂದು ಸಲ ಹೇಳಿ ಮುಗಿಸುವುದಿಲ್ಲ, ಎರಡನೆಯ ಸಲ, ಮತ್ತೆ ಮೂರನೆಯ ಸಲ. ಕಂಬಳಿಯೊಳಗೆ ನಡುಗುತ್ತಿದ್ದ ನನಗೆ, ಒಂದೇ ಸಲ ಹೇಳಿ ಬಿಸಿ ಗಂಜಿಗೆ ಬರಬಾರದೇ ಅನ್ನಿಸುತ್ತಿತ್ತು. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಐದು ದಿನವೂ ಅದೇ, ಐದು ದಿನವೂ ನಾನು ಎರಡು ಮುದ್ದೆ ಉಂಡೆ.

ಸಂಜೆಗಳು ಚೆನ್ನಾಗಿ ನಡೆದವು. ಮನೆ ಬಿಟ್ಟು ಹೋಗಿ ಮರಳಿದ ಮಗನಿಗೆ ತಂದೆ ಔತಣ ಮಾಡಿಸಿದ ಕಥೆ ಹೇಳಿದಾಗ, ಹೊಲದ ದುಡಿಮೆಯಿಂದ ಬಂದು ಮುನಿಸಿಕೊಂಡು ಹೊರಗೇ ನಿಂತ ಅಣ್ಣ ಕೊನೆಗೆ ಊಟ ಮಾಡಿದನೋ ಇಲ್ಲವೋ ಎಂದು ಒಬ್ಬ ಕೇಳಿದ. ದೇವದಾಸಪ್ಪನವರು ಬೈಬಲು ತೆರೆದು ಹುಡುಕಿದರು, ಅದರಲ್ಲಿ ಬರೆದಿರಲಿಲ್ಲ.

ಶುಕ್ರವಾರ ಕೊನೆಯ ಕೂಟ. ದೇವದಾಸಪ್ಪನವರು ತಮ್ಮ ಎಂದಿನ ಪದ್ಧತಿಯಂತೆ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ, ಯೇಸುವಿನ ಮಾತನ್ನು ಒಪ್ಪುವವರು ಕೈ ಎತ್ತಿ ಎಂದರು. ಹದಿನೆಂಟು ಕೈಗಳೂ ಮೇಲೆದ್ದವು. ದೇವದಾಸಪ್ಪನವರ ಕಣ್ಣಲ್ಲಿ ನೀರು ಬಂತು. ನನ್ನ ಎದೆಯೂ ಉಬ್ಬಿತು, ಸುಳ್ಳು ಹೇಳಲಾರೆ. ಹೆಸರುಗಳನ್ನೆಲ್ಲ ಬರೆದುಕೊಂಡರು, ಭಾನುವಾರ ಸಭೆಯಲ್ಲಿ ಓದಿ, ಆಮೇಲೆ ನಮ್ಮ ಮಾಸಪತ್ರಿಕೆಯಲ್ಲಿ ಹಾಕಿಸುವುದೆಂದಾಯಿತು.

ಶನಿವಾರ ನಮ್ಮ ಟ್ರಂಕು ಹೊತ್ತು ಸ್ಟೇಷನ್ನಿಗೆ ಬಂದವನು ಚಿಕ್ಕರಂಗಯ್ಯ, ಹತ್ತನೆಯ ತರಗತಿಯವನು. ದೇವದಾಸಪ್ಪನವರು ಮುಂದೆ ಹೋಗಿದ್ದರು. ಹೆಸರು ಬರೆದುಕೊಂಡಿದ್ದು ಯಾಕೆ ಎಂದು ಅವನು ಕೇಳಿದ. ಹೇಳಿದೆ. ಟ್ರಂಕನ್ನು ಕೆಳಗಿಟ್ಟ.

"ನಮ್ಮಲ್ಲಿ ಮಾತು ಕೊಡೋದು ಅಂದ್ರೆ ಮೂರು ಸಲ ಬಾಯಿಬಿಟ್ಟು ಹೇಳ್ಬೇಕು ಸಾರ್. ನೀವು ಹೇಳಿದ್ದು ಒಳ್ಳೇದು ಅನ್ನಿಸ್ತು, ಕೈ ಎತ್ತಿದ್ವಿ, ಅಷ್ಟೇ. ನಮ್ಮಮ್ಮ ಮನೆದೇವ್ರನ್ನ ಕೆರೆಗೆ ಬಿಟ್ಟು ಬಂದು ಇನ್ನೂ ಅಳ್ತಾಳೆ. ಈಗ ಮಗ ಬುದ್ಧನ್ನೂ ಬಿಟ್ಟ ಅಂತ ಕೇಳಿದ್ರೆ ಹೇರೋಹಳ್ಳಿಯಿಂದ ಬಂದು ನನ್ನ ಕರ್ಕೊಂಡು ಹೋಗ್ತಾಳೆ. ಎಲ್ಲರ ಮನೇಲೂ ಹಂಗೇ. ಮಾರ್ಚಿಗೆ ಪರೀಕ್ಷೆ ಸಾರ್."

ಐದು ದಿನ ಬೆಳಿಗ್ಗೆ ಅವರು ಮೂರು ಮೂರು ಸಲ ಹೇಳುವುದನ್ನು ಕಿವಿಯಾರೆ ಕೇಳಿದ್ದರೂ ನನಗೆ ಹೊಳೆದಿರಲಿಲ್ಲ. ಅವನ ಮುಖ ನೋಡಲಾಗದೆ ಟ್ರಂಕನ್ನು ನಾನೇ ಎತ್ತಿಕೊಂಡೆ.

ರೈಲಿನಲ್ಲಿ ದೇವದಾಸಪ್ಪನವರು ಪಟ್ಟಿಯನ್ನು ಅಂದವಾಗಿ ಬರೆಯಲು ಕೂತರು. ಬಿಡದಿಯಲ್ಲಿ ಧೈರ್ಯ ಮಾಡಿ ಹುಡುಗ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ರೇಗುತ್ತಾರೆಂದು ಹೆದರಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿ ಕಿಟಕಿಯತ್ತ ತಿರುಗಿದರು. ಮದ್ದೂರಿನಲ್ಲಿ ನಾನು ಕೊಂಡ ವಡೆಯನ್ನೂ ಮುಟ್ಟಲಿಲ್ಲ.

ಮಂಡ್ಯ ಬಿಟ್ಟ ಮೇಲೆ ಮೆಲ್ಲಗೆ ಅಂದರು: "ಇಪ್ಪತ್ತು ವರ್ಷದಿಂದ ಕೈ ಎಣಿಸ್ತಾ ಬಂದಿದೀನಿ. ಯಾಕಪ್ಪಾ ಎತ್ತಿದೆ ಅಂತ ಒಬ್ಬನನ್ನೂ ಕೇಳಲಿಲ್ಲ."

ಆಮೇಲೆ ಪಟ್ಟಿಯನ್ನು ಚೂರು ಚೂರು ಮಾಡಿ ಹರಿದರು.

ಮೈಸೂರಿನ ಪ್ಲಾಟ್‌ಫಾರ್ಮಿಗೆ ಸಭೆಯವರು ನಾಲ್ಕಾರು ಜನ ಬಂದಿದ್ದರು. ಎಷ್ಟು ಜನ ಒಪ್ಪಿದರು ಎಂಬುದೇ ಮೊದಲ ಪ್ರಶ್ನೆ. ನಾನು ತಲೆ ತಗ್ಗಿಸಿದೆ. ದೇವದಾಸಪ್ಪನವರು ತಗ್ಗಿಸಲಿಲ್ಲ.

"ಯಾರೂ ಇಲ್ಲ," ಎಂದರು. "ಮಾರ್ಚಿಗೆ ಆ ಹುಡುಗರಿಗೆ ಪರೀಕ್ಷೆ ಇದೆ. ನಾಳೆ ಅದಕ್ಕೆ ಪ್ರಾರ್ಥನೆ ಮಾಡೋಣ."